ಜಾತ್ರೆ ಮುಗಿದ ಮೇಲಿನ ಜಾಗರಣೆ

(ಸಂಘದ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಜಾತ್ರೆಯ ಸಿದ್ಧತೆಯೆಂದರೆ ಎಷ್ಟು ಹಾಸಿಗೆ, ಎಷ್ಟು ಆಂಬುಲೆನ್ಸು, ಎಷ್ಟು ಶೌಚಾಲಯ ಎಂಬ ಲೆಕ್ಕವನ್ನೇ ನಾವು ಪತ್ರಿಕೆಗಳಲ್ಲಿ ಓದುತ್ತೇವೆ. ಇವೆಲ್ಲ ಬೇಕಾದವೇ. ಆದರೆ ಜಾತ್ರೆಯಲ್ಲಿ ತಗಲಿದ ರೋಗ ಎಷ್ಟೋ ಸಲ ತಲೆಯೆತ್ತುವುದು ಯಾತ್ರಿಕನು ಊರು ಸೇರಿದ ಮೇಲೆ. ಆದ್ದರಿಂದ ರೋಗದ ಕಣ್ಗಾವಲು ಜಾತ್ರೆಯ ಬಯಲಿನಲ್ಲಿ ಆರಂಭವಾಗಿ ಯಾತ್ರಿಕನ ಮನೆಯಂಗಳದವರೆಗೂ ಸಾಗಬೇಕು. ನಾನಿಂದು ನಿಮ್ಮ ಮುಂದಿಡಬಯಸುವ ಮಾತು ಇದೊಂದೇ.

1867ರ ಹರಿದ್ವಾರದ ಕುಂಭಮೇಳ ಇದಕ್ಕೆ ಹಳೆಯ ಸಾಕ್ಷಿ. ಸುಮಾರು 30 ಲಕ್ಷ ಜನ ಸೇರಿದ್ದರೆಂಬುದು ಅಂದಿನ ಅಂದಾಜು. ಮೇಳದ ನೆಲೆಯಲ್ಲಿ ಕಂಡ ಕಾಲರಾ ಅತ್ಯಲ್ಪ. ಏಪ್ರಿಲ್ 12ರ ಮಹಾಸ್ನಾನ ಮುಗಿಸಿ ಜನ ಚದುರಿದ ಮೇಲೆ, ಅವರು ಹಿಡಿದ ದಾರಿಗುಂಟ ರೋಗ ಪಂಜಾಬನ್ನು ಹಾದು ಪೇಶಾವರವನ್ನು ಮುಟ್ಟಿತು. ವೈದ್ಯಾಧಿಕಾರಿ ಜಾನ್ ಮರ್ರೆ ಈ ಹರಡುವಿಕೆಯನ್ನು ಕುರಿತು ವರದಿ ಬರೆದರು. ರಾಬರ್ಟ್ ಕಾಖ್ ಕಲ್ಕತ್ತೆಯಲ್ಲಿ ಕಾಲರಾ ರೋಗಾಣುವನ್ನು ಬೇರ್ಪಡಿಸಿದ್ದು 1884ರಲ್ಲಿ. ಅದಕ್ಕೂ 17 ವರ್ಷ ಮೊದಲೇ, ಯಾವ ಊರು, ಯಾವ ದಿನ ಎಂಬ ಎರಡು ಸಂಗತಿಗಳು ರೋಗ ನಡೆದ ದಾರಿಯನ್ನು ತೋರಿಸಿಕೊಟ್ಟಿದ್ದವು.

ಇದರ ಕಾರಣ ಸರಳವಾದುದು. ಕಾಲರಾ ಸೋಂಕು ತಗಲಿದ ಕೆಲವೇ ಗಂಟೆಗಳಿಂದ 5 ದಿನಗಳೊಳಗೆ ಕಾಣಿಸಿಕೊಳ್ಳುತ್ತದೆ. ವಿಷಮಶೀತ ಜ್ವರಕ್ಕೆ ಸಾಮಾನ್ಯವಾಗಿ 1ರಿಂದ 3 ವಾರ ಬೇಕು. ಕಲುಷಿತ ನೀರಿನಿಂದ ಬರುವ ಕಾಮಾಲೆ ತಿಂಗಳು ಕಳೆದೂ ಬರಬಹುದು. ಅಷ್ಟರಲ್ಲಿ ಜಾತ್ರೆಯ ಡೇರೆಗಳು ಬಿಚ್ಚಿರುತ್ತವೆ, ರಿಜಿಸ್ಟರುಗಳು ಕಪಾಟು ಸೇರಿರುತ್ತವೆ.

ಹರಿದ್ವಾರ ದೂರವಾಯಿತು, ನಮಗೆ ಹತ್ತಿರದ ಪಂಢರಪುರಕ್ಕೆ ಬರೋಣ. ಆಷಾಢ ಏಕಾದಶಿಗೆ ಮಹಾರಾಷ್ಟ್ರದವರೊಡನೆ ಉತ್ತರ ಕರ್ನಾಟಕದ ಭಕ್ತರೂ ಅಲ್ಲಿ ಸೇರುತ್ತಾರೆ. ಅಲ್ಲಿ ಚಂದ್ರಭಾಗೆಯೆನಿಸಿದ ಭೀಮೆಯೇ ಮುಂದೆ ನಮ್ಮ ನಾಡಿಗೆ ಹರಿದು ಬರುತ್ತಾಳೆ. ಪಂಢರಪುರದಲ್ಲಿ ಸೋಂಕು ತಗಲಿಸಿಕೊಂಡ ಯಾತ್ರಿಕನೊಬ್ಬ ಇಂಡಿಯಲ್ಲಿ ಹಾಸಿಗೆ ಹಿಡಿದನೆನ್ನಿ. ಮಹಾರಾಷ್ಟ್ರದ ಲೆಕ್ಕದಲ್ಲಿ ಅವನು ಇಲ್ಲ. ಕರ್ನಾಟಕದ ಲೆಕ್ಕದಲ್ಲಿ ಅವನು ಒಂಟಿ ರೋಗಿ. ಹತ್ತು ತಾಲ್ಲೂಕುಗಳ ಇಂಥ ಒಂಟಿ ರೋಗಿಗಳನ್ನು ಒಂದೇ ಹಾಳೆಯ ಮೇಲಿಟ್ಟು ನೋಡಿದಾಗಲೇ ಅವರೆಲ್ಲ ಕುಡಿದ ನೀರು ಒಂದೇ ಎಂಬುದು ಹೊಳೆಯುವುದು. ಗಡಿಯ ವಾದವನ್ನು ನಾವು ಎಷ್ಟಾದರೂ ನಡೆಸಬಹುದು. ರೋಗಾಣುವಿಗೆ ಗಡಿ ತಿಳಿಯದು.

ವ್ಯವಸ್ಥೆ ಇಲ್ಲವೆಂದಲ್ಲ. 2004ರಲ್ಲಿ ಆರಂಭವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತರು ಕಂಡ ಲಕ್ಷಣ, ವೈದ್ಯರ ಅನುಮಾನ, ಪ್ರಯೋಗಾಲಯದ ನಿರ್ಣಯ, ಹೀಗೆ ಮೂರು ಬಗೆಯ ವರದಿಗಳಿವೆ. ಈಗ ಅವು ಗಣಕಜಾಲದ ಮೂಲಕವೇ ಸಾಗುತ್ತವೆ. 2013ರ ಪ್ರಯಾಗದ ಕುಂಭದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡವೊಂದು ಮೇಳದ ಕೆಲವು ಆಸ್ಪತ್ರೆಗಳ ರೋಗಿಗಳ ದಾಖಲೆಯನ್ನು ಟ್ಯಾಬ್ಲೆಟ್ ಯಂತ್ರಗಳಿಗೆ ಇಳಿಸಿ ಪರಿಶೀಲಿಸಿತು. ಆದರೆ ರೋಗಿಯ ಮೊದಲ ಮಾತೇ ಅರ್ಥವಾಗದಿದ್ದರೆ ಯಂತ್ರ ಏನು ಮಾಡೀತು? ಭೇದಿ ನೀರಿನಂತಿದೆಯೋ, ರಕ್ತ ಬೆರೆತಿದೆಯೋ ಎಂಬುದರ ಮೇಲೆ ರೋಗದ ಅನುಮಾನವೇ ಬದಲಾಗುತ್ತದೆ. ಒಂದೇ ಹೆಸರಿನ ಎರಡು ಊರುಗಳಲ್ಲಿ ಬುದ್ರುಕ್ ಯಾವುದು, ಖುರ್ದ್ ಯಾವುದು ಎಂದು ಬರೆದುಕೊಳ್ಳದಿದ್ದರೆ ಎಚ್ಚರಿಕೆಯ ಸಂದೇಶ ಬೇರೆ ಊರಿಗೆ ಹೋಗುತ್ತದೆ. ರೋಗ ವರದಿಯಾಗದಿರುವುದನ್ನೇ ಆಡಳಿತದ ಯಶಸ್ಸೆಂದು ಎಣಿಸುವ ಚಾಳಿಯೂ ತೊಲಗಬೇಕು. ಮೊದಲ ದಿನವೇ ಹತ್ತು ರೋಗಿಗಳನ್ನು ಬರೆದುಕೊಂಡ ಕೇಂದ್ರ, ಒಬ್ಬರನ್ನೂ ಬರೆದುಕೊಳ್ಳದ ಕೇಂದ್ರಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ.

ಪಂಢರಪುರದ ವಿಠಲ ಕನ್ನಡಿಗನೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆ ಅಭಿಮಾನಕ್ಕೆ ಒಂದು ಕೆಲಸ ಕೊಡೋಣ. ಪುಣೆ, ಸೊಲ್ಲಾಪುರ, ಮುಂಬಯಿಗಳ ಸಂಘಗಳು ಜಿಲ್ಲಾ ಆರೋಗ್ಯಾಧಿಕಾರಿಗಳ ಒಪ್ಪಿಗೆ ಪಡೆದು, ವಾರಿಯ ದಿನಗಳಲ್ಲಿ ಚಿಕಿತ್ಸಾ ಕೇಂದ್ರಗಳಿಗೆ ಕನ್ನಡ, ಮರಾಠಿ ಎರಡನ್ನೂ ಬಲ್ಲ ಸ್ವಯಂಸೇವಕರನ್ನು ಕಳಿಸಲಿ. ಊರು, ತಾಲ್ಲೂಕು, ರೋಗ ಕಂಡ ದಿನ, ಕುಡಿದ ನೀರಿನ ನೆಲೆ, ಈ ನಾಲ್ಕನ್ನು ರೋಗಿಯ ಭಾಷೆಯಲ್ಲಿ ಕೇಳಿ ತಿಳಿಸಿದರೆ ಸಾಕು. ರೋಗಿಯ ಹೆಸರು ಆಸ್ಪತ್ರೆಯ ಹೊರಗೆ ಹೋಗಬಾರದು; ರೋಗದ ಸುದ್ದಿ ಮಾತ್ರ ಅವನಿಗಿಂತ ಮೊದಲೇ ಅವನ ಊರಿನ ಆರೋಗ್ಯ ಕೇಂದ್ರವನ್ನು ತಲುಪಬೇಕು.

ಎರಡು ಭಾಷೆಗಳ ನಡುವೆ ಬಾಳುತ್ತಿರುವ ನಮ್ಮಂಥವರಿಗೆ ಈ ಸೇವೆ ಸಹಜವಾಗಿಯೇ ಒದಗಿಬಂದಿದೆ. ಬರುವ ಆಷಾಢಕ್ಕೆ ಮೊದಲು ಸಂಘ ಇದನ್ನು ಕೈಗೆತ್ತಿಕೊಳ್ಳಲೆಂದು ವಿನಂತಿಸುತ್ತೇನೆ.