ಹಾಡಿಗೆ ಹೆಸರು ಬರೀರಿ



ಇವತ್ತು ನಾವು ಹಾಡಿನ ಡಬ್ಬಿಯ ಬಗ್ಗೆ ಮಾತಾಡೋಣ. ಉಗುರಿನಷ್ಟು ಕಾರ್ಡು ಹಾಕಿದರೆ ಹಾಡುವ ಸ್ಪೀಕರ್ ಡಬ್ಬಿ ನಿಮಗೆ ಗೊತ್ತು. ಹುನ್ನೂರಿನ ಎಷ್ಟೋ ಮನೆಯಲ್ಲಿ ಅದು ಐತಿ. ಇಲ್ಲದ ಮನೆಯಲ್ಲಿ ಫೋನ್ ಐತಿ. ಫೋನೂ ಒಂದು ಹಾಡಿನ ಡಬ್ಬಿಯೇ. ಕಬ್ಬಿನ ಹೊಲಕ್ಕೆ ಹೋಗುವಾಗ ಬುತ್ತಿ ಗಂಟಿನ ಜೊತೆ ಅದೂ ಬರ್ತೈತಿ. ರಬಕವಿ, ಬನಹಟ್ಟಿ ಕಡೆ ಕಂಡಿಕಿ ಸುತ್ತುವವರ ಮಗ್ಗಲದಾಗ ಅದು ಹಾಡ್ತಿರ್ತೈತಿ.

ಗುಂಡಿ ಒತ್ತಿದರೆ ಹಾಡು ಬರ್ತೈತಿ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಒಳಗೆ ಯಾವ ಹಾಡು ಎಲ್ಲಿ ಐತಿ? ಅದು ನಮಗೆ ಗೊತ್ತಿರೂದಿಲ್ಲ. ಅಂಗಡಿಯವನು ಕಾರ್ಡು ತುಂಬಿಸಿ ಕೊಡ್ತಾನ. ಮಗನೋ ಮೊಮ್ಮಗನೋ ಹಚ್ಚಿ ಕೊಡ್ತಾನ. ನಾವು ಸುಮ್ಮನೆ ಕೇಳ್ತೀವಿ. ಅಕ್ಷರ ಬಾರದಾಗ ಬೇರೆ ದಾರಿ ಇರಲಿಲ್ಲ. ಈಗ ನಮಗೆ ಅಕ್ಷರ ಬರ್ತಾವ.

ಮೊದಲು ಒಂದು ಹಳೇ ಮಾತು ಕೇಳ್ರಿ. ನಮ್ಮ ದೇಶದಲ್ಲಿ ಹಾಡನ್ನು ತಟ್ಟೆಯ ಮೇಲೆ ಮೂಡಿಸುವ ಕೆಲಸ 1902ರಲ್ಲಿ ಕಲ್ಕತ್ತಾದಲ್ಲಿ ಶುರುವಾಯಿತು. ಆಗ ಹಾಡಿದವರಲ್ಲಿ ದೊಡ್ಡ ಹೆಸರು ಗೌಹರ್ ಜಾನ್ ಎಂಬ ಹೆಣ್ಣುಮಗಳದು. ಒಂದು ತಟ್ಟೆಯಲ್ಲಿ ಮೂರು ನಿಮಿಷದಷ್ಟೇ ಹಾಡು. ಹಾಡು ಮುಗಿದ ಕೂಡಲೇ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದಳು. ಯಾಕೆ? ಆ ತಟ್ಟೆಗಳು ತಯಾರಾಗುತ್ತಿದ್ದುದು ದೂರದ ಜರ್ಮನಿ ದೇಶದಲ್ಲಿ. ಅಲ್ಲಿಯವರಿಗೆ ನಮ್ಮ ಭಾಷೆ ಬಾರದು, ನಮ್ಮ ದನಿ ಗುರುತಿಲ್ಲ. ಹೆಸರು ಕೇಳಿಸಿಕೊಂಡು ಚೀಟಿ ಅಂಟಿಸುತ್ತಿದ್ದರು. ಎಂಥಾ ಜಾಣತನ ನೋಡ್ರಿ! ಈ ಗೌಹರ್ ಜಾನ್ ಕೊನೆಗೆ ನಮ್ಮ ಮೈಸೂರಿನಲ್ಲೇ 1930ರಲ್ಲಿ ತೀರಿಕೊಂಡರು.

ನಮ್ಮ ಮಗ್ಗಲ ಊರಿನ ಮಾತು ಹೇಳ್ತೀವಿ. ಅಮೀರ್‌ಬಾಯಿ ಕರ್ನಾಟಕಿ ಎಂಬ ಹಾಡುಗಾರ್ತಿ ಬೀಳಗಿಯವರು. ಮುಂಬೈಗೆ ಹೋಗಿ ಸಿನಿಮಾಕ್ಕೆ ಹಾಡಿದರು. 1943ರಲ್ಲಿ ಬಂದ 'ಕಿಸ್ಮತ್' ಎಂಬ ಹಿಂದಿ ಸಿನಿಮಾದ ಹಾಡುಗಳಿಂದ ಅವರ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಅವರು ತೀರಿಕೊಂಡದ್ದು 1965ರಲ್ಲಿ. ಅವರ ದನಿ ಮಾತ್ರ ಇವತ್ತಿಗೂ ಐತಿ. ಅಂಗಡಿಯವನು ತುಂಬಿಸಿದ ಕಾರ್ಡಿನಲ್ಲೂ ಇರಬಹುದು. ಆದರೆ ಅಲ್ಲಿ 'ಟ್ರ್ಯಾಕ್ 7' ಎಂದಷ್ಟೇ ಬರೆದಿದ್ದರೆ? ಇದನ್ನು ಹಾಡಿದಾಕಿ ನಮ್ಮ ಬೀಳಗಿಯಾಕಿ ಅಂತ ಯಾರಿಗೆ ತಿಳೀಬೇಕು?

ತಟ್ಟೆ ಹೋಗಿ ಕ್ಯಾಸೆಟ್ ಬಂತು. ನಡುವಯಸ್ಸಿನವರಿಗೆಲ್ಲ ಅದು ನೆನಪೈತಿ. ಒಂದು ಮಗ್ಗಲಕ್ಕೆ ಅರ್ಧ ತಾಸು, ತಿರುವಿ ಹಾಕಿದರೆ ಇನ್ನರ್ಧ ತಾಸು. ನಾಡಿ ಸಿಕ್ಕಿಕೊಂಡರೆ ಪೆನ್ಸಿಲ್ ಹಾಕಿ ಸುತ್ತಬೇಕು. 1979ರಲ್ಲಿ ಜಪಾನಿನವರು ಸೊಂಟಕ್ಕೆ ಸಿಗಿಸಿಕೊಂಡು ಕೇಳುವ ವಾಕ್‌ಮನ್ ತಂದರು. ಆಮೇಲೆ ಬಂದದ್ದು ಎಂಪಿ3. ಇದರಲ್ಲಿ ಹಾಡನ್ನು ಅಂಕಿಗಳಾಗಿ ಬರೀತಾರ. ಕಿವಿಗೆ ಅಷ್ಟಾಗಿ ಕೇಳದ ಭಾಗವನ್ನು ಬಿಟ್ಟು ಬಿಡ್ತಾರ. ಹತ್ತು ಪಾಲಿನದು ಒಂದು ಪಾಲಿನಲ್ಲಿ ಹಿಡೀತೈತಿ.

ಎಷ್ಟು ಹಿಡೀತೈತಿ ಅಂತ ಲೆಕ್ಕ ಹಾಕೋಣ. ಒಂದು ನಿಮಿಷದ ಹಾಡಿಗೆ ಸುಮಾರು 1 ಎಂಬಿ ಜಾಗ ಬೇಕು. ನಾಲ್ಕು ನಿಮಿಷದ ಹಾಡಿಗೆ 4 ಎಂಬಿ. ಕಾರ್ಡಿನ ಮೇಲೆ 16 ಜಿಬಿ ಅಂತ ಬರೆದಿದ್ದರೆ ಅದು ಸುಮಾರು 16000 ಎಂಬಿ. ಅಂದರೆ 4000 ಹಾಡು! ಹಗಲು ರಾತ್ರಿ ಬಿಡದೆ ಹಚ್ಚಿದರೂ 11 ದಿನ ಹಾಡ್ತೈತಿ.

ಇಷ್ಟು ಹಾಡಿನಾಗ ಬೇಕಾದದ್ದನ್ನು ಹುಡುಕುವುದು ಹೇಗೆ? ಅಡುಗೆಮನೆ ನೆನಸಿಕೊಳ್ಳಿರಿ. ಜೋಳ, ಬ್ಯಾಳಿ, ಉಪ್ಪು, ಬೆಲ್ಲ ಎಲ್ಲ ಒಂದೇ ಚೀಲದಾಗ ಸುರೀತೀವೇನು? ಬೇರೆ ಬೇರೆ ಡಬ್ಬಿಯಲ್ಲಿ ಇಡ್ತೀವಿ. ಕಾರ್ಡಿನಲ್ಲೂ ಅಂಥ ಡಬ್ಬಿ ಮಾಡಬಹುದು. ಅದಕ್ಕೆ ಫೋಲ್ಡರ್ ಅಂತಾರ. ಒಂದಕ್ಕೆ 'ಭಜನೆ', ಒಂದಕ್ಕೆ 'ಪಾರಿಜಾತ', ಒಂದಕ್ಕೆ 'ಸಿನಿಮಾ' ಅಂತ ಹೆಸರು ಬರೀರಿ. ಇನ್ನೊಂದಕ್ಕೆ 'ಮನೆ ಹಾಡು' ಅಂತ ಬರೀರಿ. ಅದರ ಮಾತು ಆಮೇಲೆ ಹೇಳ್ತೀವಿ.

ಹೆಚ್ಚಿನ ಫೋನುಗಳಲ್ಲಿ ಭಾಷೆಯನ್ನು ಕನ್ನಡಕ್ಕೆ ಬದಲಿಸಬಹುದು. ಬದಲಿಸಿಕೊಳ್ಳಿರಿ. ಹಾಡಿನ ಮೇಲೆ ಬೆರಳು ಒತ್ತಿ ಹಿಡಿದರೆ ಕೆಲವು ಶಬ್ದ ಬರ್ತಾವ. ಅವಸರ ಮಾಡದೆ ಕೂಡಿಸಿ ಓದ್ರಿ.

ಮ-ರು-ಹೆ-ಸ-ರಿ-ಸಿ. ಇದನ್ನು ಒತ್ತಿದರೆ ಹೊಸ ಹೆಸರು ಬರೆಯಬಹುದು.

ನ-ಕ-ಲಿ-ಸಿ. ಹಾಡು ಇದ್ದಲ್ಲೇ ಇರ್ತೈತಿ, ಅದರಂಥದೇ ಇನ್ನೊಂದು ಆಗ್ತೈತಿ.

ಸ-ರಿ-ಸಿ. ಹಾಡು ಇಲ್ಲಿಂದ ಅಲ್ಲಿಗೆ ಹೋಗ್ತೈತಿ, ಇಲ್ಲಿ ಉಳಿಯೂದಿಲ್ಲ.

ಅ-ಳಿ-ಸಿ. ಹಾಡು ಹೋಯಿತು!

ಇಲ್ಲೊಂದು ಕಡೆ ಕಣ್ಣು ಚುರುಕು ಇರಬೇಕು. 'ಆಲಿಸಿ' ಅಂದರೆ ಕೇಳಿರಿ. 'ಅಳಿಸಿ' ಅಂದರೆ ಒರಸಿ ಹಾಕಿರಿ. ದೊಡ್ಡ ಆ, ಸಣ್ಣ ಅ. ಆ ಲ ಬೇರೆ, ಈ ಳ ಬೇರೆ. ಪಾಟಿಯ ಮೇಲೆ ಲ, ಳ ತಿದ್ದುವಾಗ 'ಇಷ್ಟು ಸಣ್ಣ ಫರಕಿಗೆ ಯಾಕ ಇಷ್ಟು ತ್ರಾಸು' ಅಂತ ಎಷ್ಟೋ ಮಂದಿ ಗೊಣಗಿದ್ದೀವಿ. ಫರಕು ಇಲ್ಲಿ ಕಾಣ್ತೈತಿ ನೋಡ್ರಿ. ಇನ್ನೊಂದು ಶಬ್ದ 'ಫಾರ್ಮ್ಯಾಟ್'. ಅದನ್ನು ಒತ್ತಿದರೆ ಕಾರ್ಡು ಪೂರಾ ಬರಿದು. ಯಾರು ಒತ್ತು ಅಂದರೂ, ಒಳಗೆ ಏನೈತಿ ಅಂತ ನೋಡದೆ ಒತ್ತಬ್ಯಾಡ್ರಿ.

ಈಗ 'ಮನೆ ಹಾಡು' ಅಂದೆವಲ್ಲ, ಆ ಮಾತಿಗೆ ಬರೋಣ. ಸಿನಿಮಾ ಹಾಡು ಅಳಿಸಿ ಹೋದರೆ ಅಂಗಡಿಯಲ್ಲಿ ಮತ್ತೆ ಸಿಗ್ತೈತಿ. ನಮ್ಮ ಅಮ್ಮ, ದೊಡ್ಡವ್ವ ಹಾಡುವ ಬೀಸೂ ಪದ ಯಾವ ಅಂಗಡಿಯಲ್ಲಿ ಸಿಗ್ತೈತಿ? ಬೀಸುವ ಕಲ್ಲು ಇದ್ದಾಗ ನಸುಕಿನಾಗ ಎದ್ದು ಬೀಸುತ್ತಾ ಹಾಡುತ್ತಿದ್ದರು. ಸೊಸೆ ಪಕ್ಕದಲ್ಲಿ ಕೂತು ದನಿಗೂಡಿಸಿ ಕಲಿಯುತ್ತಿದ್ದಳು. ಊರಿಗೆ ಹಿಟ್ಟಿನ ಗಿರಣಿ ಬಂತು. ರಟ್ಟೆ ನೋವು ತಪ್ಪಿತು, ಬಹಳ ಚಲೋ ಆಯಿತು. ಕಲ್ಲು ಮೂಲೆ ಸೇರಿತು. ಅದರ ಜೊತೆ ಪದವೂ ಮೂಲೆ ಸೇರಿತು. ಸೋಬಾನ ಪದ, ಜೋಗುಳ, ಗುಳ್ಳವ್ವನ ಹಾಡು, ಇವೆಲ್ಲ ಈಗ ಕೆಲವೇ ಮುದುಕಿಯರ ಬಾಯಾಗ ಅದಾವ. ಅವರು ಹೋದ ದಿನ ಅವೂ ಹೋಗ್ತಾವ.

ಮುಧೋಳ ಕಡೆಯ ಹಲಗಲಿ ಬೇಡರ ಲಾವಣಿ ಕೇಳಿದ್ದೀರಿ. 1857ರಲ್ಲಿ ಆಯುಧ ಒಪ್ಪಿಸಿರಿ ಎಂದು ಇಂಗ್ಲಿಷರು ಹೇಳಿದಾಗ ಹಲಗಲಿಯವರು ಒಪ್ಪದೆ ಹೋರಾಡಿದರು. ಆ ಲಾವಣಿ ಉಳಿದದ್ದು ಬಾಯಿಂದ ಬಾಯಿಗೆ ಮಾತ್ರ ಅಲ್ಲ. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಅಂಥ ಲಾವಣಿಗಳನ್ನು ಬರೆಸಿಕೊಂಡು 19ನೆಯ ಶತಮಾನದಲ್ಲೇ ಅಚ್ಚು ಹಾಕಿಸಿದ. ಗಂಡಸರ ಲಾವಣಿಗೆ ಬರೆದುಕೊಳ್ಳುವವರು ಸಿಕ್ಕರು. ಬೀಸುವ ಕಲ್ಲಿನ ಹತ್ತಿರ ನಸುಕಿನಾಗ ಬಂದು ಕೂತವರು ಬಹಳ ಕಡಿಮೆ.

ನಾವೇ ಕೂಡೋಣ. ಕೈಯಾಗ ಫೋನ್ ಐತಿ. ಫ್ಯಾನು, ಟಿವಿ ಬಂದ್ ಮಾಡ್ರಿ. ನಡುವೆ ಕರೆ ಬಾರದಂತೆ ವಿಮಾನದ ಗುರುತು ಒತ್ತಿ ಇಡ್ರಿ. ಹಾಡುವಾಕಿಯಿಂದ ಒಂದು ಮೊಳ ದೂರ ಫೋನ್ ಇಡ್ರಿ. ಹಾಡು ಶುರುವಾಗುವ ಮೊದಲು ಅವರ ಹೆಸರು, ಊರು, ಹಾಡಿನ ಹೆಸರು ಅವರ ಬಾಯಿಂದಲೇ ಹೇಳಿಸ್ರಿ. ಗೌಹರ್ ಜಾನ್ ಮಾಡಿದ್ದೂ ಅದನ್ನೇ ಅಲ್ಲವೇ? ಮುಗಿದ ಮೇಲೆ ಫೋನ್ ತಾನೇ 'ರೆಕಾರ್ಡಿಂಗ್ 12' ಅಂತ ಹೆಸರಿಡ್ತೈತಿ. ಅದನ್ನು ಬಿಡಬ್ಯಾಡ್ರಿ. 'ಬೀಸೂ ಪದ, ದೊಡ್ಡವ್ವ, ಹುನ್ನೂರ, 2024' ಹೀಗೆ ನಿಮ್ಮ ಕೈಯಿಂದ ಬರೀರಿ. ಒತ್ತಕ್ಷರ ತಪ್ಪಿದರೂ ನಡೀತೈತಿ.

ಒಂದು ಕಡೆ ಮಾತ್ರ ಇಟ್ಟರೆ ಸಾಲದು. ಕಾರ್ಡು ಕಲ್ಲಲ್ಲ, ಕೆಡ್ತೈತಿ. ಹಾಡು ತುಂಬುವಾಗ ಕಿತ್ತರೆ ಕೆಡ್ತೈತಿ, ಕೆಲವೊಮ್ಮೆ ಸುಮ್ಮಸುಮ್ಮನೆಯೂ ಕೆಡ್ತೈತಿ. ಮನೆ ಹಾಡು ನಕಲಿಸಿ ಇನ್ನೊಂದು ಕಾರ್ಡಿಗೆ ಹಾಕಿ, ಅದನ್ನು ತವರುಮನೆಯಲ್ಲೋ ಮಗಳ ಮನೆಯಲ್ಲೋ ಇಡ್ರಿ. ಮತ್ತ ಒಂದು ಮಾತು. ಹಾಡಿದಾಕಿಯನ್ನು ಕೇಳದೆ ಊರ ಮಂದಿಗೆಲ್ಲ ಕಳಿಸಬ್ಯಾಡ್ರಿ. ಹಾಡು ಆಕಿದು.

ಎಷ್ಟೋ ಸ್ಪೀಕರ್ ಡಬ್ಬಿಗಳು ಹಾಡಿನ ಹೆಸರು ತೋರಿಸೂದಿಲ್ಲ, ಬರೇ ನಂಬರ್ ತೋರಿಸ್ತಾವ. ಅದಕ್ಕೆ ಒಂದು ನೋಟುಬುಕ್ ಇಡ್ರಿ. ಎಡಕ್ಕೆ ನಂಬರ್, ಬಲಕ್ಕೆ ಹಾಡು, ಹಾಡಿದವರ ಹೆಸರು. ಮುಂದಿನ ವಾರ ಬರುವಾಗ ಆ ಬುಕ್ ತರ್ರಿ, ಒಬ್ಬೊಬ್ಬರೇ ಓದೋಣ. ಫೋನ್ ಚಾರ್ಜ್ ಮಾಡಿಕೊಂಡು ಬರ್ರಿ. ಸೋಬಾನ ಪದ ಬರುವ ಮುದುಕಿಯರನ್ನೂ ಕರಕೊಂಡು ಬರ್ರಿ.