ಸಿಹಿ ಉಪ್ಪಿನಕಾಯಿ ಮಳೆಗಾಲ ದಾಟಬೇಕಾದರೆ

ಉಪ್ಪಿನಕಾಯಿ ಹಾಕುವುದನ್ನು ನಮಗೆ ಬೇರೆಯವರು ಹೇಳಿಕೊಡಬೇಕೇ ಎಂದು ನೀವು ಕೇಳಬಹುದು. ಘಟ್ಟದ ಬುಡದಲ್ಲಿರುವ ನಮ್ಮ ಅಮಾಸೆಬೈಲಿನ ಕಡೆ ಮಾವಿನಮಿಡಿಯ ಭರಣಿ ಹೊಸ ವಸ್ತುವೇನಲ್ಲ. ಅದರ ಹದ ನಿಮ್ಮ ಕೈಗೆ ಗೊತ್ತು. ಆದರೆ ನಾನು ಹೇಳಹೊರಟಿರುವುದು ಬೆಲ್ಲ ಹಾಕಿ ಮಾಡುವ, ಮಕ್ಕಳು ದೋಸೆ ಚಪಾತಿಗೆ ಹಚ್ಚಿಕೊಂಡು ತಿನ್ನುವ ಸಿಹಿ ಉಪ್ಪಿನಕಾಯಿಯ ವಿಷಯ. ಅದರ ಸ್ವಭಾವವೇ ಬೇರೆ.

ಇದನ್ನು ನಾನು ಕಲಿತದ್ದು ನಷ್ಟಪಟ್ಟು. ಒಂದು ಬೇಸಿಗೆಯಲ್ಲಿ ಕಾಟುಮಾವಿನ ಕಾಯಿಗೆ ಬೆಲ್ಲ ಹಾಕಿ ಕುದಿಸಿ, ಆರಿದ ಮೇಲೆ ಹಳೆಯ ಜಾಮಿನ ಬಾಟಲಿಗಳಿಗೆ ತುಂಬಿದೆ. ಎರಡನ್ನು ಮುಂಬಯಿಯಲ್ಲಿರುವ ತಮ್ಮನಿಗೆ ಕಳಿಸಿದೆ. ಆಷಾಢದಲ್ಲಿ ಅವನ ಫೋನು ಬಂತು: ಮುಚ್ಚಳ ತಿರುಗಿಸುತ್ತಲೇ ಬುಸ್ಸೆಂದು ನೊರೆ ಉಕ್ಕಿತಂತೆ. ಅಟ್ಟ ಹತ್ತಿ ನೋಡಿದರೆ ನಮ್ಮ ಬಾಟಲಿಗಳಲ್ಲೂ ಅದೇ ಕಥೆ, ಮೇಲೆ ಬಿಳಿಯ ಬೂಷ್ಟು. ಪಕ್ಕದಲ್ಲೇ ಇದ್ದ ಮಿಡಿಯ ಭರಣಿಗೆ ಮಾತ್ರ ಏನೂ ಆಗಿರಲಿಲ್ಲ. ಅಮ್ಮ, "ಮೇಲಿಂದ್ ತೆಗ್ದ್ ಇನ್ನೊಂದ್ ಸಲ ಕುದ್ಸ್ ಮಗಾ, ಎಂತ ಆತಿಲ್ಲೆ" ಎಂದರು. ನಾನು ಒಪ್ಪಲಿಲ್ಲ. ಎರಡು ದಿನದ ಕೆಲಸವೆಲ್ಲ ಗುಂಡಿ ಸೇರಿತು.

ಒಂದೇ ಅಟ್ಟ, ಒಂದೇ ಮಳೆ. ಹಾಗಿರುವಾಗ ಒಂದು ಉಳಿದು ಇನ್ನೊಂದು ಕೆಟ್ಟದ್ದೇಕೆ?

ಮಿಡಿಯನ್ನು ಕಾಯುವುದು ಉಪ್ಪು. ನಾಲ್ಕು ಪಾಲು ಮಿಡಿಗೆ ಒಂದು ಪಾಲು ಉಪ್ಪು ಹಾಕುವ ಮನೆಗಳಿವೆ. ಅಷ್ಟು ಉಪ್ಪಿನಲ್ಲಿ ಬೂಷ್ಟು, ಹುದುಗುಜೀವಿಗಳು ಸುಲಭವಾಗಿ ಬದುಕಲಾರವು. ಸಿಹಿ ಉಪ್ಪಿನಕಾಯಿಗೆ ಅಷ್ಟು ಉಪ್ಪು ಹಾಕಿದರೆ ಬಾಯಿಗಿಡಲಾಗುವುದಿಲ್ಲ. ಉಪ್ಪು ಕಡಿಮೆ ಮಾಡಿದೆವೆಂದರೆ ಕಾವಲುಗಾರನನ್ನು ಮನೆಗೆ ಕಳಿಸಿದಂತೆ. ಅವನ ಜಾಗದಲ್ಲಿ ಮೂವರನ್ನು ನಿಲ್ಲಿಸಬೇಕು: ಹುಳಿ, ಗಟ್ಟಿ ಪಾಕ ಮತ್ತು ಬಿಸಿ. ನಾನು ಪಾಕವನ್ನು ತೆಳ್ಳಗೆ ಇಳಿಸಿದ್ದೆ. ಆರಿಸಿ ತುಂಬಿದ್ದರಿಂದ ಬಿಸಿಯ ಕಾವಲೂ ಇರಲಿಲ್ಲ.

ಈಗ ಅಳತೆ. ಸಿಪ್ಪೆ ತೆಗೆದು ಹೆಚ್ಚಿದ, ಚೆನ್ನಾಗಿ ಹುಳಿಯಿರುವ ಮಾವಿನಕಾಯಿ ಹೋಳು 1 ಕಿಲೋ, ಬೆಲ್ಲ 1 ಕಿಲೋ, ಉಪ್ಪು 75 ಗ್ರಾಂ, ಅರಸಿನ ಅರ್ಧ ಚಮಚ, ಮೆಣಸಿನ ಪುಡಿ 40 ಗ್ರಾಂ, ಹುರಿದು ಪುಡಿ ಮಾಡಿದ ಸಾಸಿವೆ ಎರಡು ಚಮಚ, ಮೆಂತೆ ಒಂದು ಚಮಚ, ಚಿಟಿಕೆ ಇಂಗು. ಹೋಳಿಗೆ ಉಪ್ಪು, ಅರಸಿನ ಬೆರೆಸಿ ಗಾಜಿನ ಅಥವಾ ಪಿಂಗಾಣಿ ಪಾತ್ರೆಯಲ್ಲಿ ಒಂದು ರಾತ್ರಿ ಇಡಿ. ಅಲ್ಯೂಮಿನಿಯಂ ಪಾತ್ರೆ ಬೇಡ. ಹುಳಿ ಮತ್ತು ಉಪ್ಪು ಅದನ್ನು ತಿನ್ನುತ್ತವೆ. ಮರುದಿನ ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಕುದಿಯಲಿಡಿ. ಹೋಳನ್ನೂ ಅದು ಬಿಟ್ಟ ನೀರನ್ನೂ ಅದಕ್ಕೇ ಸೇರಿಸಿ.

ಎಷ್ಟು ಕುದಿಸಬೇಕು? ಎಳೆ ಪಾಕ ನೋಡುವ ಅಭ್ಯಾಸ ಎಲ್ಲರಿಗೂ ಇರುವುದಿಲ್ಲ. ಸುಲಭದ ದಾರಿಯೆಂದರೆ ತಕ್ಕಡಿ. ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಟ್ಟುಕೊಳ್ಳಿ. ಪಾತ್ರೆಯ ತೂಕ ಕಳೆದು ಒಳಗಿನದು 1,600 ಗ್ರಾಮಿಗೆ ಇಳಿಯುವವರೆಗೆ ಸಣ್ಣ ಉರಿಯಲ್ಲಿ ಕುದಿಸಿ. ಆಗ ನೂರರಲ್ಲಿ ಸುಮಾರು 65 ಪಾಲಿಗಿಂತ ಹೆಚ್ಚು ಬೆಲ್ಲ, ಉಪ್ಪು ಮುಂತಾದ ಘನಪದಾರ್ಥವಿರುತ್ತದೆ. ಜಾಮ್ ಕೆಡದೆ ಉಳಿಯುವುದೂ ಹೆಚ್ಚುಕಡಿಮೆ ಇದೇ ಹದದಲ್ಲಿ. ಮಸಾಲೆ ಪುಡಿಗಳನ್ನು ಕೊನೆಗೆ ಹಾಕಿ ಎರಡು ನಿಮಿಷ ಕುದಿಸಿ.

ಇನ್ನು ತುಂಬುವ ಕೆಲಸ. ಫ್ರಾನ್ಸಿನ ನಿಕೊಲಾ ಅಪೇರ್ ಎಂಬ ಮಿಠಾಯಿ ತಯಾರಕ, ಆಹಾರವನ್ನು ಗಾಜಿನ ಸೀಸೆಯಲ್ಲಿ ಮುಚ್ಚಿ, ಸೀಸೆ ಸಮೇತ ಕುದಿಸಿಡುವ ವಿಧಾನವನ್ನು 1810ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಅದು ಏಕೆ ಕೆಡುವುದಿಲ್ಲವೆಂದು ಅವನಿಗೆ ಗೊತ್ತಿರಲಿಲ್ಲ. ಸೂಕ್ಷ್ಮಜೀವಿಗಳೇ ಕಾರಣವೆಂದು ಪಾಶ್ಚರ್ ತೋರಿಸಿಕೊಟ್ಟದ್ದು ಐವತ್ತು ವರ್ಷಗಳಷ್ಟು ತಡವಾಗಿ. ಕ್ಯಾನಿಂಗ್ ಎಂಬ ದೊಡ್ಡ ಹೆಸರಿನ ಕೆಲಸ ಮನೆಯಲ್ಲಿ ಇಷ್ಟೇ.

ಅರ್ಧ ಲೀಟರು ಅಥವಾ ಅದಕ್ಕಿಂತ ಚಿಕ್ಕ ಬಾಟಲಿಗಳನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಿ. ಬಾಟಲಿ ಬಿಸಿಯಿರುವಾಗಲೇ ಬಿಸಿ ಉಪ್ಪಿನಕಾಯಿ ತುಂಬಿ, ಮೇಲೆ ಅರ್ಧ ಅಂಗುಲ ಖಾಲಿ ಬಿಡಿ. ಬಾಯಿಯ ಅಂಚನ್ನು ಒರೆಸಿ ಹೊಸ ಮುಚ್ಚಳ ಹಾಕಿ; ಹಳೆಯ ಮುಚ್ಚಳದ ಒಳಪಟ್ಟಿ ಮತ್ತೆ ಸರಿಯಾಗಿ ಕಚ್ಚುವುದಿಲ್ಲ. ತಳಕ್ಕೆ ಬಟ್ಟೆ ಹಾಸಿದ ಹಂಡೆಯಲ್ಲಿ ಬಾಟಲಿಗಳನ್ನಿಟ್ಟು, ಮುಚ್ಚಳದ ಮೇಲೆ ಒಂದು ಅಂಗುಲ ನಿಲ್ಲುವಷ್ಟು ಬಿಸಿನೀರು ಹೊಯ್ದು, ಕುದಿ ಬಂದ ಮೇಲೆ 15 ನಿಮಿಷ ಬಿಡಿ. ತೆಗೆದು ಮರದ ಹಲಗೆಯ ಮೇಲಿಡಿ. ತಣ್ಣನೆಯ ಕಲ್ಲಿನ ಮೇಲಿಟ್ಟರೆ ಗಾಜು ಸೀಳುತ್ತದೆ. ಆರುತ್ತಾ ಬಂದಂತೆ ಮುಚ್ಚಳದ ನಡುಭಾಗ ಟಕ್ಕೆಂದು ಒಳಗೆ ತಗ್ಗಬೇಕು. ತಗ್ಗದ ಬಾಟಲಿಯನ್ನು ಅಟ್ಟಕ್ಕೇರಿಸದೆ ಫ್ರಿಜ್ಜಿನಲ್ಲಿಟ್ಟು ಮೊದಲು ಮುಗಿಸಿ.

ಇಲ್ಲಿ ಒಂದು ಎಚ್ಚರಿಕೆ. ಗಾಳಿಯಿಲ್ಲದ ಬಾಟಲಿಯಲ್ಲೇ ಬೆಳೆಯುವ ಒಂದು ಬ್ಯಾಕ್ಟೀರಿಯವಿದೆ, ಕ್ಲಾಸ್ಟ್ರೀಡಿಯಂ ಬಾಟುಲಿನಂ. ಅದರ ಬೀಜಕಣ ಕುದಿಯುವ ನೀರಿಗೂ ಸಾಯುವುದಿಲ್ಲ. ಅದರ ವಿಷ ಕಣ್ಣಿಗೆ, ಮೂಗಿಗೆ ತಿಳಿಯದೆಯೂ ಇರಬಹುದು, ಪ್ರಾಣವನ್ನೇ ತೆಗೆಯಬಲ್ಲದು. ಅದನ್ನು ತಡೆಯುವುದು ಹುಳಿ. ಆಮ್ಲತೆಯ ಅಳತೆಯಾದ ಪಿ.ಎಚ್. 4.6ಕ್ಕಿಂತ ಕೆಳಗಿದ್ದರೆ ಅದು ಬೆಳೆಯದು. ಹುಳಿ ಮಾವು, ಲಿಂಬೆಗಳು ಇದಕ್ಕಿಂತ ಬಹಳ ಕೆಳಗಿವೆ. ಹಣ್ಣಾಗತೊಡಗಿದ ಮಾವು ಹಾಕಬೇಡಿ. ರುಚಿಗೆಂದು ಬೆಳ್ಳುಳ್ಳಿ, ಕ್ಯಾರೆಟ್ಟು ಸೇರಿಸಬೇಡಿ, ಅವುಗಳಲ್ಲಿ ಹುಳಿಯಿಲ್ಲ. ಅವು ಬೇಕೆಂದರೆ ಸ್ವಲ್ಪವೇ ಮಾಡಿ, ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಿ.

ಅಂದು ಅಮ್ಮನ ಮಾತನ್ನು ಮೀರಿದ್ದಕ್ಕೂ ಇದೇ ಕಾರಣ. ಬೂಷ್ಟು ಬೆಳೆಯುತ್ತಾ ಹುಳಿಯನ್ನು ತಿಂದು ಕಡಿಮೆ ಮಾಡಬಲ್ಲದು. ಮೇಲಿನ ಪದರ ತೆಗೆದರೂ ಕೆಳಗಿನದನ್ನು ನಂಬುವಂತಿಲ್ಲ. ಮುಚ್ಚಳ ಉಬ್ಬಿದ್ದರೆ, ನೊರೆ ಬಂದಿದ್ದರೆ, ಬೂಷ್ಟು ಕಂಡರೆ ರುಚಿಯನ್ನೂ ನೋಡಬೇಡಿ. ದನಕರುಗಳ ಬಾಯಿಗೆ ಸಿಗದಂತೆ ಹೂತುಬಿಡಿ.

ಸ್ವಸಹಾಯ ಸಂಘದ ಮೂಲಕ ಮಾರುವ ಯೋಚನೆಯಿದ್ದರೆ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರದಲ್ಲಿ ಮೊದಲೇ ನೋಂದಣಿ ಮಾಡಿಸಿಕೊಳ್ಳಿ. 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಅಲ್ಪಾವಧಿ ತರಬೇತಿಗಳನ್ನೂ ನಡೆಸುತ್ತದೆ.

ಅಮ್ಮನ ಇನ್ನೊಂದು ಮಾತನ್ನು ಮಾತ್ರ ನಾನು ಮೀರಿಲ್ಲ: "ಚಂಡಿ ಕೈ ಹಾಕ್ಬೇಡ ಮಗಾ." ಚಂಡಿ ಎಂದರೆ ಒದ್ದೆ. ಎಷ್ಟು ಗಟ್ಟಿ ಪಾಕವಾದರೂ ಒದ್ದೆ ಚಮಚದ ನಾಲ್ಕು ಹನಿ ನೀರು ಬಿದ್ದ ಕಡೆ ತೆಳ್ಳಗಾಗುತ್ತದೆ. ಬೂಷ್ಟು ಹತ್ತುವುದು ಅಲ್ಲಿಂದಲೇ. ಬಾಟಲಿಯ ಮೇಲೆ ತಯಾರಿಸಿದ ದಿನಾಂಕ ಬರೆಯಿರಿ, ಒಂದು ವರ್ಷದೊಳಗೆ ಬಳಸಿ, ತೆರೆದದ್ದನ್ನು ಫ್ರಿಜ್ಜಿನಲ್ಲಿಡಿ.

ಮರುವರ್ಷ ತಮ್ಮನಿಗೆ ಮತ್ತೆ ಎರಡು ಬಾಟಲಿ ಕಳಿಸಿದೆ. ಈ ಸಲ ಫೋನು ಬಂದದ್ದು ದೀಪಾವಳಿಗೆ, ಇನ್ನೆರಡು ಬೇಕು ಎಂದು. ಈ ಬೇಸಿಗೆಯಲ್ಲಿ ನೀವೂ ಒಂದು ಕಿಲೋ ಮಾಡಿ ನೋಡಿ.