ಕೆರೆಯ ನೀರಿನಲ್ಲಿ ನೆಲದ ಲೆಕ್ಕ

(ಬೂಕನಕೆರೆ ಪರಿಸರದ ಪ್ರಕೃತಿ ವೀಕ್ಷಣೆಗೆ ಮುನ್ನ ನೀಡಿದ ಉಪನ್ಯಾಸದ ಪಠ್ಯ)



ಮುಂಗಾರು ಇಳಿಮುಖವಾಗಿ ಶರದೃತು ಕಾಲಿಡುವ ಈ ದಿನಗಳು ಜಲಮೂಲಗಳ ವೀಕ್ಷಣೆಗೆ ಪ್ರಶಸ್ತವಾದವು. ಮಳೆಗಾಲವು ನೆಲದಿಂದ ಏನನ್ನು ಕೊಚ್ಚಿ ತಂದಿತು ಎಂಬುದರ ಲೆಕ್ಕ ಈಗ ನೀರಿನಲ್ಲಿಯೇ ದೊರೆಯುತ್ತದೆ.

ಕೃಷ್ಣರಾಜಪೇಟೆ ತಾಲ್ಲೂಕಿನ ಬೂಕನಕೆರೆ ತನ್ನ ಹೆಸರಿನಲ್ಲಿಯೇ ಕೆರೆಯನ್ನು ಹೊತ್ತ ಊರು. ಇದೇ ತಾಲ್ಲೂಕಿನಲ್ಲಿ ಹೇಮಾವತಿಯೂ ಹರಿಯುತ್ತದೆ. ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಸಮೀಪ ಹುಟ್ಟುವ ಈ ನದಿ, ಗೊರೂರಿನ ಜಲಾಶಯವನ್ನು ದಾಟಿ, ಮಂದಗೆರೆ ಮತ್ತು ಹೇಮಗಿರಿಯ ಅಣೆಕಟ್ಟೆಗಳಲ್ಲಿ ಕಾಲುವೆಗಳಿಗೆ ನೀರು ಹಂಚಿ, ಸುಮಾರು 245 ಕಿ.ಮೀ. ಹರಿದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಬಯಲುಸೀಮೆಯ ಗದ್ದೆಗೂ ಮಲೆನಾಡಿನ ಇಳಿಜಾರಿಗೂ ಇರುವ ನಂಟು ಇದು. ಬೆಟ್ಟದ ಮರಗಿಡಗಳನ್ನು ಕಡಿದು ನೆಲವನ್ನು ಬರಿದು ಮಾಡಿದರೆ ಮೇಲ್ಮಣ್ಣು ಹಳ್ಳಕ್ಕಿಳಿದು, ಜಲಾಶಯದಲ್ಲಿ ಹೂಳಾಗಿ ತಂಗುತ್ತದೆ. ನೀರು ನಿಲ್ಲಬೇಕಾದ ಜಾಗವನ್ನು ಮಣ್ಣು ಆಕ್ರಮಿಸುತ್ತದೆ.

ಕೆರೆಯಲ್ಲಿ ನಡೆಯುವುದೂ ಇದೇ. ಏರಿಯ ಮೇಲೆ ನಿಂತವರಿಗೆ ನೀರು ಕಾಣುತ್ತದೆ. ನೀರು ಬರುವ ಹಳ್ಳದ ಗುಂಟ ನಡೆದವರಿಗೆ ಕಾರಣ ಕಾಣುತ್ತದೆ. ವಿದ್ಯಾರ್ಥಿಗಳು ಒಂದೇ ಅಳತೆಯ ಎರಡು ಗಾಜಿನ ಸೀಸೆಗಳನ್ನು ಒಯ್ಯಲಿ. ಮಳೆ ಬಂದ ಮರುದಿನ ಒಂದರಲ್ಲಿ ಹಳ್ಳದಿಂದ ಕೆರೆಗೆ ಬರುವ ನೀರನ್ನೂ, ಇನ್ನೊಂದರಲ್ಲಿ ಕೋಡಿಯಿಂದ ಹೊರಬೀಳುವ ನೀರನ್ನೂ ಹಿರಿಯರ ಜೊತೆಗಿದ್ದು ತುಂಬಿಕೊಳ್ಳಲಿ. ಒಂದು ರಾತ್ರಿ ಅಲುಗಿಸದೆ ಇಟ್ಟರೆ ಮಣ್ಣು ತಳಕ್ಕಿಳಿಯುತ್ತದೆ. ಎರಡು ಸೀಸೆಗಳ ಕೆಸರಿನ ವ್ಯತ್ಯಾಸವು ಕೆರೆಯ ಹೊಟ್ಟೆಯಲ್ಲಿ ಉಳಿದ ಮಣ್ಣಿನ ಅಂದಾಜನ್ನು ಕೊಡುತ್ತದೆ. ಅದು ಯಾರದೋ ಹೊಲದ ಫಲವತ್ತತೆ ಎಂಬುದನ್ನು ಮರೆಯುವಂತಿಲ್ಲ.

ಕಣ್ಣಿಗೆ ಕಾಣದ ಇನ್ನೊಂದು ನಷ್ಟವೂ ಇದೆ. ಭತ್ತ, ಕಬ್ಬಿನ ಗದ್ದೆಗಳಿಗೆ ಮಿತಿಮೀರಿ ಸುರಿದ ಗೊಬ್ಬರದ ಸಾರಜನಕ ಮತ್ತು ರಂಜಕ ನೀರಿನೊಡನೆ ಹರಿದು ಕೆರೆಯನ್ನು ಸೇರುತ್ತವೆ. ಅವನ್ನುಂಡು ಪಾಚಿ ಮತ್ತು ಜಲಕಳೆಗಳು ಕೊಬ್ಬುತ್ತವೆ; ಸತ್ತು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ತೀರಿಸುತ್ತವೆ. ಮೀನು ಸಾಯುತ್ತದೆ, ಮೀನನ್ನು ನಂಬಿದ ಹಕ್ಕಿ ಬೇರೆಡೆಗೆ ಹೋಗುತ್ತದೆ. ಕಾವೇರಿಯ ಕೆಳಹರಿವಿನಲ್ಲಿ, ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಆದರೆ ಅಲ್ಲಿನ ಹಕ್ಕಿಗಳು ಮೇಯುವುದು ಸುತ್ತಲಿನ ಹೊಳೆ, ಕೆರೆ, ಗದ್ದೆಗಳಲ್ಲಿ. ಧಾಮದ ಗಡಿಯೊಳಗಿನ ರಕ್ಷಣೆಯೊಂದೇ ಅವುಗಳಿಗೆ ಸಾಲದು.

ಪರಿಹಾರ ರೈತರ ಕೈಯಳತೆಯಲ್ಲಿದೆ. ಇಳಿಜಾರಿಗೆ ಅಡ್ಡಲಾಗಿ ಬದು, ಬದುವಿನ ಮೇಲೆ ಹುಲ್ಲು. ಹಳ್ಳದ ದಂಡೆಯಲ್ಲಿ ಹೊಂಗೆ, ನೇರಳೆ. ಮಣ್ಣು ಪರೀಕ್ಷೆಗೆ ತಕ್ಕಷ್ಟೇ ಗೊಬ್ಬರ, ಅದೂ ಕಂತುಗಳಲ್ಲಿ. ಬೇಸಿಗೆಯಲ್ಲಿ ಕೆರೆಗೋಡು ಮರಳಿ ಹೊಲಕ್ಕೆ. ವೀಕ್ಷಣೆಯಿಂದ ಹಿಂದಿರುಗಿದ ವಿದ್ಯಾರ್ಥಿಗಳು ಆ ಎರಡು ಸೀಸೆಗಳನ್ನು ಗ್ರಾಮಸಭೆಯ ಮುಂದೆ ಇಡಲಿ. ಹೂಳೆತ್ತುವ ಚರ್ಚೆಯೊಂದಿಗೆ, ಹೂಳು ಬರುವ ದಾರಿಯ ಚರ್ಚೆಯೂ ಅಲ್ಲಿಂದ ಆರಂಭವಾಗಲಿ.